ಪೈ ಲೆಕ್ಕ

ಟಿಕೆಟ್ಟು ಮುದ್ರಿಸಲು ಮರೆತಿದ್ದರು.
ಹಾಗಾಗಿ ಲೈಬ್ರರಿಯ ನನ್ನ ಮೇಜಿನಿಂದ
ಹಳೇ ರಬ್ಬರ್ ಮೊಹರನ್ನೇ ತಂದೆ;
ಇಪ್ಪತ್ತೈದು ಡಾಲರ್ ಕೊಟ್ಟವರ ಮುಂಗೈ ಮೇಲೆ
ಒತ್ತುತ್ತ ಕೂತೆ, ಗ್ರೇಂಜ್ ಹಾಲಿನ ಬಾಗಿಲಲ್ಲಿ:
ಹಿಂದಿರುಗಿಸಬೇಕಾದ ದಿನ, ಜೂನ್ ಎಂಟು.
ತಾರೀಕು ಬದಲಿಸುವ ಗೋಜಿಗೆ ಹೋಗಲಿಲ್ಲ.

ನೂರಾ ಹದಿನೆಂಟು ಕೈ.
ಉಗುರಲ್ಲಿ ಮಣ್ಣಿದ್ದವು ಕೆಲವು, ಸೋಪು ನಾರುವವು ಕೆಲವು,
ಪಾದ್ರಿಯದು ಬೆವೆತಿತ್ತು, ಮೊಹರು ಕದಡಿತು.

ಒಳಗೆ ಬೆಣ್ಣೆಯಲ್ಲಿ ಬಾಡಿಸಿದ ಆಸ್ಪರಾಗಸ್.
ಈ ನದಿಯ ದಂಡೆಯವರು ಅದನ್ನು ಬರೀ ಹುಲ್ಲು ಅನ್ನುತ್ತಾರೆ.
ಹುಲ್ಲು ಬಂತಾ? ಹುಲ್ಲು ಕೊಯ್ದಾಯ್ತಾ?
ನೆಟ್ಟ ಮೇಲೆ ಮೂರು ವರ್ಷ ಮುಟ್ಟುವಂತಿಲ್ಲ,
ಆಮೇಲೆ ಇಪ್ಪತ್ತು ವರ್ಷ ಬಿಡುವಂತಿಲ್ಲ.

ಯಡ್ವಿಗಾ ಕೊಕೋಷ್ಕಾಳ ಮೂವತ್ತೊಂದು ಎಕರೆ.
ಪಕ್ಕದ ಜೋಳದ ಹೊಲದಲ್ಲಿ ಹೋದ ವರ್ಷ ಎದ್ದ ಗೋದಾಮು
ರಾತ್ರಿಯೆಲ್ಲ ದೀಪ ಹಾಕಿಕೊಂಡೇ ಇರುತ್ತದೆ,
ಅವಳ ಕೋಳಿಗಳಿಗೆ ಹೊತ್ತೇ ಮರೆತಿದೆ.
ಸರ್ಕಾರ ಬಹುಪಾಲು ಕೊಡುತ್ತದಂತೆ,
ಉಳಿದದ್ದು ಊರು ಹೊಂದಿಸಬೇಕು. ಅರವತ್ತೆರಡು ಸಾವಿರ.
ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆ:
ಗುಂಟೆಗೆ ಐವತ್ತು ಬಿತ್ತು.

ಹರಾಜು ಕೂಗಲು ಎಲ್ಬ್ರಿಜ್ ಸ್ಟೆಬಿನ್ಸನೇ ಎದ್ದ.
ಈ ಕಣಿವೆಯಲ್ಲಿ ಅಂಥ ನಾಲಿಗೆ ಬೇರೆ ಯಾರಿಗಿದೆ?
ಮೂವತ್ತು ಕೊಟ್ಟಿಗೆ ಖಾಲಿ ಮಾಡಿದ ನಾಲಿಗೆ,
ಒಂದೊಂದೇ ಹಸು, ಒಂದೊಂದೇ ಹಾಲಿನ ಕ್ಯಾನು;
ಯಡ್ವಿಗಾಳ ಅಪ್ಪನ ಟ್ರಾಕ್ಟರನ್ನು
ಅಪ್ಪನೆದುರೇ ಮಾರಿದ್ದೂ ಇದೇ ನಾಲಿಗೆ, ಇದೇ ಲಯ.
ಈಗ ಒಂದು ರೂಬಾರ್ಬ್ ಪೈ ಎತ್ತಿ ಹಿಡಿದು
ಮೂವತ್ತು ಮೂವತ್ತು ಮೂವತ್ತೈದು ಯಾರು,
ನಲವತ್ತು, ಕಿಟಕಿಯ ಹತ್ತಿರ, ಐವತ್ತೈದು,
ಅಂಚು ಸುಟ್ಟಿದೆ, ಸುಳ್ಳು ಹೇಳಲ್ಲ, ಎಪ್ಪತ್ತು!
ಎತ್ತಿದ ಕೈಯಲ್ಲೆಲ್ಲ ನನ್ನ ಮೊಹರು.
ಪೈಗೆ ಪೈ ಕೂಡಿತು.
ಅವನ ಗಂಟಲು ಕಟ್ಟಿದಾಗ ಯಡ್ವಿಗಾ
ನೀರಿನ ಲೋಟ ತಂದು ಮುಂದಿಟ್ಟಳು.
ಮಾತಾಡಲಿಲ್ಲ. ಇಟ್ಟಳು.

ಎಲ್ಲ ಸೇರಿ ನಾಲ್ಕು ಸಾವಿರದ ಆರುನೂರು.
ಸಾವಿರದಿನ್ನೂರ ನಲವತ್ತರಲ್ಲಿ ತೊಂಬತ್ತೆರಡು ಗುಂಟೆ.
ಸರಿಯಾಗಿ ಐವತ್ತಕ್ಕೆ ಹೋದದ್ದು ಕೊನೆಯ ಪೈ, ನಡು ಕುಸಿದದ್ದು.
ಕೂಗಿದವನು ಯಾದಿಯೆಲ್,
ಏಪ್ರಿಲ್‌ನಿಂದ ಬೆನ್ನು ಬಗ್ಗಿಸಿ ಹುಲ್ಲು ಕೊಯ್ಯುವವನು.
ಕರವಸ್ತ್ರ ನೋಡಿ ಕೇಳಿದ:
ಹಾಗಾದರೆ ಒಂದು ಗುಂಟೆ ನನ್ನದಾ?

ನಿನ್ನದಲ್ಲ, ಅಂದೆ, ಅದು ಯಡ್ವಿಗಾಳದೇ.
ನೀನು ಕೊಂಡದ್ದು ನೆಲ ಅಲ್ಲ,
ನೆಲದ ಮೇಲಿನ ಒಂದು 'ಬೇಡ'.
ಮನೆ ಬೇಡ, ಗೋದಾಮು ಬೇಡ, ನಾವು ಸತ್ತ ಮೇಲೂ ಬೇಡ.

ಸ್ವಲ್ಪ ಹೊತ್ತು ಸುಮ್ಮನೆ ಪೈ ತಿಂದ.
ಎಷ್ಟು ದೊಡ್ಡದಿರುತ್ತೆ, ಆ ಬೇಡ?

ಬೆಂಚು ಮಡಚಿಟ್ಟು ರಸ್ತೆ ದಾಟಿದೆವು, ನಾಲ್ಕು ಜನ.
ಗುಂಟೆ ಅಂದರೆ ಆ ಕಡೆಗೆ ಹನ್ನೊಂದು ದಾಪು, ಈ ಕಡೆಗೆ ಹನ್ನೊಂದು.
ಟಾರ್ಚ್ ಬೇಕಾಗಲಿಲ್ಲ,
ಗೋದಾಮಿನ ಬೆಳಕೇ ಸಾಕಾಯ್ತು.
ಮಡಿ ತುಳಿಯದೆ ದಾಟುತ್ತ, ತನ್ನ ಭಾಷೆಯಲ್ಲಿ
ಜೋರಾಗಿ ಎಣಿಸಿದ ಯಾದಿಯೆಲ್.
ಒಂದು ಮೂಲೆಗೆ ಎಲ್ಬ್ರಿಜ್, ಗೂಟದ ಹಾಗೆ,
ಎದುರು ಮೂಲೆಗೆ ಯಡ್ವಿಗಾ, ಇನ್ನೊಂದಕ್ಕೆ ನಾನು,
ನಾಲ್ಕನೆಯದಕ್ಕೆ ಎಣಿಸಿದವನೇ ಹೋಗಿ ನಿಂತ.

ಚಿಕ್ಕದು, ಅಂದ.
ಹೂಂ. ಚಿಕ್ಕದೇ.
ನಮ್ಮ ನಡುವೆ, ಬೆಳಿಗ್ಗೆ ಕೊಯ್ದ ಸಾಲಿನಲ್ಲೇ,
ಆಗಲೇ ಬೆರಳುದ್ದ ಎದ್ದಿದ್ದವು ಹೊಸವು.
ಯಡ್ವಿಗಾ ಬಗ್ಗಿ ಒಂದನ್ನು ಮುಟ್ಟಿ ನೋಡಿದಳು.
ನಾಳೆ ಭಾನುವಾರ, ಅಂದಳು,
ಆದರೂ ಐದಕ್ಕೆ ಬಾ.